ಹುರುಳಿಗೆ ತಕ್ಕ ರಸ್ತೆ

ರಸ್ತೆಯ ಗುಣಮಟ್ಟ ಅಳೆಯಲು ಸರ್ಕಾರದ ಬಳಿ ಪ್ರಯೋಗಾಲಯವಿದೆ. ಅಲ್ಲಿ ಜಲ್ಲಿಯನ್ನು ಕುಟ್ಟಿ ನೋಡುವ ಯಂತ್ರ, ಡಾಂಬರಿಗೆ ಸೂಜಿ ಚುಚ್ಚಿ ನೋಡುವ ಯಂತ್ರ, ಎರಡರ ಫಲಿತಾಂಶವನ್ನೂ ಮೂರು ಪ್ರತಿ ಟೈಪು ಮಾಡುವ ಗುಮಾಸ್ತ, ಎಲ್ಲರೂ ಸೇರಿ ಒಂದು ರಸ್ತೆಯ ಹಣೆಬರಹ ಹೇಳಲು ಎರಡು ತಿಂಗಳು ತೆಗೆದುಕೊಳ್ಳುತ್ತಾರೆ. ಚಿಕ್ಕಯ್ಯನಛತ್ರ ಹೋಬಳಿಯ ಹೆಂಗಸರಿಗೆ ಒಂದು ಮೊರ ಸಾಕು, ಒಂದು ಸಂಜೆ ಸಾಕು. ಸಂಕ್ರಾಂತಿಯ ಆಚೀಚೆ ಹುರುಳಿ ಕಿತ್ತು, ಒಣಗಿದ ಗಿಡವನ್ನು ತಂದು ಡಾಂಬರು ರಸ್ತೆಯ ಮೇಲೆ ಹಾಸುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಅದರ ಮೇಲೆ ಹಾದುಹೋಗಿ ಪುಕ್ಕಟೆ ಒಕ್ಕಣೆ ಮಾಡಿಕೊಡುತ್ತವೆ. ಸಂಜೆ ಕಾಳು ಗುಡಿಸಿ ಮೊರಕ್ಕೆ ಹಾಕಿ ಕೇರಿದರೆ ಆ ರಸ್ತೆ ಹಾಕಿಸಿದ ಎಂಜಿನಿಯರನ ಜಾತಕ ಹೊರಗೆ ಬೀಳುತ್ತದೆ. ಕಾಳಿನ ಜೊತೆ ಜಲ್ಲಿಯ ಚೂರು ಬಂತೋ, ಆ ಎಂಜಿನಿಯರನಿಗೆ ಸರ್ಕಾರ ಚಿನ್ನದ ಪದಕ ಕೊಟ್ಟರೂ ಈ ಹೋಬಳಿಯಲ್ಲಿ ಮರ್ಯಾದೆಯಿಲ್ಲ.

ಎಂಜಿನಿಯರ್ ಸಿದ್ದರಾಜು ಈ ಮೊರದ ಪರೀಕ್ಷೆಯಲ್ಲಿ ತೊಂಬತ್ತನಾಲ್ಕರಲ್ಲಿ ಫೇಲಾದವನು. ಫೇಲು ಮಾಡಿದ ಪರೀಕ್ಷಕರು ಅವನ ಹೆತ್ತ ತಾಯಿ ಮಂಗಳಮ್ಮ. ಮರುಪರೀಕ್ಷೆಗಾಗಿ ಅವನು ಹತ್ತು ವರ್ಷ ಹಂಬಲಿಸಿದ. ಆ ಹತ್ತು ವರ್ಷದಲ್ಲಿ ಬಡ್ತಿಗಾಗಿ ಹಂಬಲಿಸಿದ್ದರೆ ಎಲ್ಲಿಗೋ ಹೋಗಿರುತ್ತಿದ್ದ ಎಂದು ಅವನ ಹೆಂಡತಿ ಯಶೋಧರಾ ಹೇಳುತ್ತಿದ್ದುದುಂಟು.

ಅವನ ಊರು ಅರಳಿಕೊಪ್ಪಲು. ಅಪ್ಪ ಹುಚ್ಚಯ್ಯ ರಸ್ತೆ ಇಲಾಖೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ಮಂಕರಿ, ಗುದ್ದಲಿ ಮತ್ತು ಒಂದು ಕೆಂಪು ಬಾವುಟ ಅವನ ಆಯುಧಗಳು. ಮೂರು ಮೈಲಿ ರಸ್ತೆಯ ಗುಂಡಿಗಳ ಮೇಲೆ ಇಪ್ಪತ್ತೆರಡು ವರ್ಷ ಯುದ್ಧ ಮಾಡಿ, ಗುಂಡಿಗಳನ್ನು ಹಾಗೇ ಬಿಟ್ಟು ತಾನು ಪರಲೋಕಕ್ಕೆ ಹೊರಟುಹೋದ. ಮನೆಗಿದ್ದದ್ದು ಮುಕ್ಕಾಲು ಎಕರೆ ಕೆಮ್ಮಣ್ಣಿನ ಹೊಲ. ಅದರಲ್ಲಿ ಕಣಕ್ಕೆಂದು ಜಾಗ ಬಿಟ್ಟರೆ ಕಣದಲ್ಲಿ ಒಕ್ಕಲು ಬೆಳೆಯೇ ಉಳಿಯುತ್ತಿರಲಿಲ್ಲ. ಹಾಗಾಗಿ ಮಂಗಳಮ್ಮ ಪ್ರತಿ ಸಲವೂ ಊರಿನ ದೊಡ್ಡ ಹಿಡುವಳಿದಾರ ಚಿಕ್ಕಸ್ವಾಮಿಯವರ ಮನೆಗೆ ಹೋಗಿ ಕಣ ಕೇಳಬೇಕಿತ್ತು. ಜಗುಲಿಯ ಕೆಳಗೆ ನಿಂತು ಕೇಳಬೇಕಿತ್ತು. ಚಿಕ್ಕಸ್ವಾಮಿಯವರು ಕೆಟ್ಟವರಲ್ಲ. ಒಂದು ಸಲವೂ ಅವರು ಇಲ್ಲ ಎಂದವರಲ್ಲ. ಆಮೇಲೆ ಎನ್ನುತ್ತಿದ್ದರು. ಅವರ ರಾಗಿ ಆದ ಮೇಲೆ, ಅವರ ತಮ್ಮನ ಹುರುಳಿ ಆದ ಮೇಲೆ, ಅವರ ಬೀಗರ ಅವರೆ ಆದ ಮೇಲೆ. ಒಂದು ವರ್ಷ ಆ ಆಮೇಲೆ ಬರುವಷ್ಟರಲ್ಲಿ ಅಕಾಲದ ಮಳೆ ಬಂದು, ಮನೆಯ ಮುಂದಿನ ಮೆದೆಯಲ್ಲೇ ಹುರುಳಿ ಮೊಳಕೆಯೊಡೆಯಿತು. ಆ ವರ್ಷ ಮನೆಯಲ್ಲಿ ಒಂದು ವಾರ ಮೊಳಕೆಕಾಳಿನ ಸಾರು, ಉಳಿದ ವರ್ಷವೆಲ್ಲ ಬರೀ ಉಪ್ಪುಗಾರ.

ಸಿದ್ದರಾಜುವಿಗೆ ಹತ್ತು ವರ್ಷವಿದ್ದಾಗ ಊರಿನಿಂದ ಎರಡು ಕಿಲೋಮೀಟರ್ ಆಚೆ ಹಾದುಹೋಗುವ ದೊಡ್ಡ ರಸ್ತೆಗೆ ಡಾಂಬರು ಬಿತ್ತು. ಅದನ್ನು ಹಾಕಿಸಿದವರು ಪುಟ್ಟಬಸವಯ್ಯ ಎಂಬ ಎಂಜಿನಿಯರು. ಆ ಸಂಕ್ರಾಂತಿಗೆ ಮಂಗಳಮ್ಮ ಯಾರ ಜಗುಲಿಯ ಕೆಳಗೂ ನಿಲ್ಲಲಿಲ್ಲ. ಹುರುಳಿಯ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ನೇರವಾಗಿ ಹೋಗಿ ಪುಟ್ಟಬಸವಯ್ಯನವರ ರಸ್ತೆಯ ಮೇಲೆ ಕೆಡವಿದಳು. ಹರಡಿದಳು. ನಂಜನಗೂಡಿನ ಬಸ್ಸು ಬಂತು. ಇದು ಯಾರ ಹೊರೆ ಎಂದು ಕೇಳಲಿಲ್ಲ, ಆಮೇಲೆ ಎನ್ನಲಿಲ್ಲ, ಪಟಪಟನೆ ಕಾಯಿ ಸಿಡಿಸಿಕೊಂಡು ಹೊರಟುಹೋಯಿತು. ಮಂಗಳಮ್ಮ ರಸ್ತೆಯ ಅಂಚಿನಲ್ಲಿ ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಂಡಳು. ಅವ್ವ ಕಾಲು ಚಾಚಿ ಕೂತದ್ದನ್ನು ಹುಡುಗ ಅದುವರೆಗೆ ನೋಡಿರಲಿಲ್ಲ. ದೊಡ್ಡವನಾದ ಮೇಲೆ ಏನಾಗಬೇಕೆಂದು ಅವನು ತೀರ್ಮಾನಿಸಿದ್ದು ಆವತ್ತು. ಬಸ್ ಡ್ರೈವರಾಗಬೇಕೆಂದು ತೀರ್ಮಾನಿಸಿದ. ಎಂಜಿನಿಯರಾಗುವ ಯೋಚನೆ ಬಂದದ್ದು ಆಮೇಲೆ, ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದಿದ್ದರಿಂದ.

ಹೀಗೆ ಮೈಸೂರಿನಲ್ಲಿ ಡಿಪ್ಲೊಮಾ ಓದಿ, ಜೂನಿಯರ್ ಎಂಜಿನಿಯರಾಗಿ ಇಲಾಖೆಗೆ ಸೇರಿ, ಮೋರಿ ರಿಪೇರಿ, ಗುಂಡಿ ಮುಚ್ಚುವುದು, ಮೈಲಿಗಲ್ಲಿಗೆ ಸುಣ್ಣ ಬಳಿಸುವುದು ಇತ್ಯಾದಿ ಸಣ್ಣಪುಟ್ಟ ಕಾಳಗಗಳಲ್ಲಿ ಪಳಗಿದ ಸಿದ್ದರಾಜುವಿಗೆ ತೊಂಬತ್ತನಾಲ್ಕರಲ್ಲಿ ಮಹಾಸಂಗ್ರಾಮದ ಕರೆ ಬಂತು. ಅವನದೇ ಊರಿಗೆ, ದೊಡ್ಡ ರಸ್ತೆಯಿಂದ ಅರಳಿಕೊಪ್ಪಲಿನವರೆಗೆ, ಎರಡು ಕಿಲೋಮೀಟರ್ ಡಾಂಬರು ರಸ್ತೆ ಮಂಜೂರಾಯಿತು. ಮಂಜೂರಾದದ್ದು ಒಂದೇ ಕೋಟು, ಅದೂ ತೆಳ್ಳಗೆ. ಆದರೂ ಅವನು ಟೋಪಿ ಹಾಕಿಕೊಂಡು, ಛತ್ರಿ ಹಿಡಿದುಕೊಂಡು, ದಂಡನಾಯಕನ ಹಾಗೆ ನಿಂತು ಮಾಡಿಸಿದ. ಕೆಲಸ ಮುಗಿದ ದಿನ ರಸ್ತೆ ಎಣ್ಣೆ ಹಚ್ಚಿದ ಎಮ್ಮೆಯ ಬೆನ್ನಿನಂತೆ ಮಿಂಚುತ್ತಿತ್ತು. ಮನೆಗೆ ಹೋದವನೇ, ಈ ಸಲ ಅಷ್ಟು ದೂರ ಹೊರೆ ಹೊರುವ ಕಷ್ಟ ಬೇಡ, ಮನೆ ಮುಂದೆಯೇ ಹಾಕು ಎಂದು ಅವ್ವನಿಗೆ ಹೇಳಿದ. ಮಂಗಳಮ್ಮ ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿ, ಪಾದಕ್ಕೆ ಚುಚ್ಚುತ್ತೆ ಎಂದಳು. ಮಗನ ಮುಖ ನೋಡಿ, ಆಗಲಿ, ಒಂದು ಹೊರೆ ಹಾಕಿ ನೋಡೋಣ ಎಂದಳು. ಕಂಟ್ರಾಕ್ಟರನ ಲಾರಿಗಳು ಇನ್ನೂ ಸಾಮಾನು ಸಾಗಿಸುತ್ತಿದ್ದವು. ಒಕ್ಕಣೆ ಸಾಂಗವಾಗಿ ನಡೆಯಿತು.

ಮರುದಿನ ಮನೆಯಲ್ಲಿ ಹುರುಳಿ ಸಾರು, ರಾಗಿ ಮುದ್ದೆ. ಮುದ್ದೆಯೆಂಬುದು ನುಂಗುವ ಪದಾರ್ಥ; ಅದರಲ್ಲಿ ಬಂಡೆಯೇ ಇದ್ದರೂ ಎಂಜಿನಿಯರ್ ಬಚಾವು. ಕಾಳು ಹಾಗಲ್ಲ, ಅಗಿಯಬೇಕು. ಮೂರನೆಯ ತುತ್ತಿಗೆ ಕಟ್ ಎಂದಿತು. ಸಿದ್ದರಾಜು ಬಾಯಿಂದ ಎರಡು ವಸ್ತುಗಳನ್ನು ಹೊರತೆಗೆದ. ಒಂದು ಅವನ ದವಡೆ ಹಲ್ಲಿನ ಅರ್ಧ, ಇನ್ನೊಂದು ಅವನ ರಸ್ತೆಯ ಜಲ್ಲಿಯ ಚೂರು. ಮಂಗಳಮ್ಮ ಎರಡನ್ನೂ ತಟ್ಟೆಯ ಅಂಚಿನಲ್ಲಿಟ್ಟುಕೊಂಡು, ಹಲ್ಲನ್ನು ಬಿಟ್ಟು ಜಲ್ಲಿಯನ್ನು ಮಾತ್ರ ಎತ್ತಿ ಬೆಳಕಿಗೆ ಹಿಡಿದಳು.

“ಕಲ್ಲೇನೋ ಗಟ್ಟಿಯಾಗೈತೆ ಕಣ್ಲಾ,” ಎಂದಳು. “ಅಂಟೇ ಇಲ್ಲ.”

ಎರಡು ತಿಂಗಳಾದ ಮೇಲೆ ಪ್ರಯೋಗಾಲಯದಿಂದ ವರದಿ ಬಂತು. ಎರಡು ಪುಟಗಳಲ್ಲಿ ಅದೂ ಅಷ್ಟನ್ನೇ ಹೇಳಿತ್ತು.

ಮುಂದಿನ ಸಂಕ್ರಾಂತಿಗೆ ಅರಳಿಕೊಪ್ಪಲಿನಲ್ಲಿ ಒಂದು ಮೆರವಣಿಗೆ ನಡೆಯಿತು. ಮಂಗಳಮ್ಮ, ಮಗಳು ಕೋಮಲ, ಕೋಮಲಳ ಗಂಡ ಜಗನ್, ಮೂವರೂ ತಲೆಯ ಮೇಲೆ ಹುರುಳಿಯ ಹೊರೆ ಹೊತ್ತು, ಸಿದ್ದರಾಜುವಿನ ರಸ್ತೆಯ ಮೇಲೆ ಎರಡು ಕಿಲೋಮೀಟರ್ ನಡೆದು, ಪುಟ್ಟಬಸವಯ್ಯನವರ ರಸ್ತೆಗೆ ಹೋಗಿ ಹಾಸಿದರು. ಊರೆಲ್ಲ ನೋಡಿತು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಸಿದ್ದರಾಜುವಿಗೆ ಎಷ್ಟೋ ಹಗುರಾಗುತ್ತಿತ್ತು.

ಅಷ್ಟರಲ್ಲಿ ಅವನನ್ನು ತಿರುಮಕೂಡಲು ನರಸೀಪುರಕ್ಕೆ ವರ್ಗ ಮಾಡಿದರು. ಅಲ್ಲಿ ಅವನ ಪಾಲಿಗೆ ಬಂದದ್ದು ತಲಕಾಡಿನ ಕಡೆಯ ರಸ್ತೆಗಳು. ಹಿಂದೆ ತಲಕಾಡನ್ನು ಗೆದ್ದ ದೊರೆಯೊಬ್ಬ ತಲಕಾಡುಗೊಂಡ ಎಂಬ ಬಿರುದು ಹಾಕಿಕೊಂಡ. ಅವನು ಗೆದ್ದದ್ದು ಮನುಷ್ಯರನ್ನು, ಅವರು ಸೋತ ಮೇಲೆ ಸುಮ್ಮನಿರುತ್ತಾರೆ. ಸಿದ್ದರಾಜು ಎದುರಿಸಬೇಕಾದದ್ದು ಮರಳನ್ನು. ಬೆಳಿಗ್ಗೆ ಗ್ಯಾಂಗ್‌ಮನ್‌ಗಳು ರಸ್ತೆಯ ಮರಳನ್ನು ಎತ್ತಿ ಪಕ್ಕಕ್ಕೆ ಹಾಕಿದರೆ, ಆಷಾಢದ ಗಾಳಿ ಮಧ್ಯಾಹ್ನದೊಳಗೆ ಅದನ್ನು ಜೋಪಾನವಾಗಿ ವಾಪಸು ತಂದಿಡುತ್ತಿತ್ತು. ಇದೇ ಮರಳನ್ನು ನಾಲ್ಕು ವರ್ಷ ಎತ್ತಿಸಿದ ಅವನಿಗೆ ಇಲಾಖೆ ಯಾವ ಬಿರುದನ್ನೂ ಕೊಡಲಿಲ್ಲ; ಹೆಮ್ಮಿಗೆಯ ಕಡೆಯವರು ಮಾತ್ರ ಪ್ರೀತಿಯಿಂದ ಮರಳಪ್ಪ ಎಂದು ಕರೆದರು.

ಆ ತಾಲ್ಲೂಕಿನಲ್ಲಿಯೂ ಅವನು ರಸ್ತೆ ಹಾಕಿಸಿದ, ಒಂದಕ್ಕಿಂತ ಒಂದು ಉತ್ತಮವಾಗಿ. ಸುಗ್ಗಿಯಲ್ಲಿ ಜನ ಅವುಗಳ ಮೇಲೆ ರಾಗಿ ಹಾಸಿದರು. ಆಗ ಅವನು ಮಾಡುತ್ತಿದ್ದ ಕೆಲಸವನ್ನು ಜೀಪಿನ ಡ್ರೈವರ್ ಕೆಂಪಯ್ಯ ಕೊನೆಯವರೆಗೂ ಅರ್ಥಮಾಡಿಕೊಳ್ಳಲಿಲ್ಲ. ಜೀಪು ನಿಲ್ಲಿಸಿ, ಇಳಿದು ಹೋಗಿ, ಮೊರ ಹಿಡಿದು ನಿಂತ ಹೆಂಗಸರನ್ನು ಕಲ್ಲು ಸಿಕ್ಕಿತಾ ಎಂದು ಕೇಳುತ್ತಿದ್ದ. ಇಲ್ಲ ಎಂದರೆ ಅವನ ಮುಖ ಅರಳುತ್ತಿತ್ತು. ಅರೆಗಳಿಗೆ ಅಷ್ಟೆ. ಆಮೇಲೆ ಆ ಮೊರ ಹಿಡಿದ ಕೈಯನ್ನು ನೋಡುತ್ತಾ ನಿಂತುಬಿಡುತ್ತಿದ್ದ. ಆ ಹೆಂಗಸು, ಪಾಪ, ಸಾಹೇಬರಿಗೆ ಹಸಿವಾಗಿರಬೇಕು ಎಂದುಕೊಂಡು ಬೊಗಸೆ ರಾಗಿ ಕೊಟ್ಟು ಕಳಿಸುತ್ತಿದ್ದಳು. ನೂರು ಮೊರಗಳು ಒಪ್ಪಿದವು. ಅವನಿಗೆ ಬೇಕಾಗಿದ್ದದ್ದು ಒಂದು.

ಪ್ರತಿ ಸಂಕ್ರಾಂತಿಗೂ ಅವನು ರಜೆ ಹಾಕಿ ಊರಿಗೆ ಬರುತ್ತಿದ್ದ. ಬಸ್ಸು ಇಳಿಯುವ ಜಾಗದಲ್ಲೇ, ಪುಟ್ಟಬಸವಯ್ಯನವರ ರಸ್ತೆಯ ಮೇಲೆ, ಅವ್ವ ಪೊರಕೆ ಹಿಡಿದು ನಿಂತಿರುತ್ತಿದ್ದಳು. ಬಂದೆಯಾ ಮಗ ಎಂದು ಸಂಭ್ರಮದಿಂದ ಕೇಳಿ, ಕೈಗೆ ಕೋಲು ಕೊಟ್ಟು, ದನ ಬರದಂತೆ ನೋಡಿಕೊಳ್ಳಲು ಕೂರಿಸುತ್ತಿದ್ದಳು. ಸರ್ಕಾರದ ಎಂಜಿನಿಯರ್ ಇನ್ನೊಬ್ಬ ಎಂಜಿನಿಯರನ ರಸ್ತೆಗೆ ಕಾವಲು ಕೂತು, ಅದರ ನುಣುಪನ್ನು ಅಂಗೈಯಿಂದ ಸವರುತ್ತಿದ್ದ. ಸವತಿಯ ಸೀರೆ ಮುಟ್ಟಿ ನೋಡಿದ ಹಾಗೆ ಮುಟ್ಟುತ್ತೀರಲ್ಲ ಎಂದು ಯಶೋಧರಾ ನಗುತ್ತಿದ್ದಳು.

ಎರಡು ಸಾವಿರದ ಇಸವಿಯಲ್ಲಿ ಸಹಾಯಕ ಎಂಜಿನಿಯರಾಗಿ ನಂಜನಗೂಡಿಗೆ ವರ್ಗವಾಯಿತು. ಬಂದ ವಾರವೇ ಅವನು ಪುಟ್ಟಬಸವಯ್ಯನವರ ಮನೆ ಹುಡುಕಿಕೊಂಡು ಹೋದ. ಎಂಬತ್ತು ದಾಟಿದ ಮುದುಕ, ಕಿವಿ ಮಂದ. ರಸ್ತೆಯ ಗುಟ್ಟೇನು ಎಂದು ಸಿದ್ದರಾಜು ಕೂಗಿ ಕೇಳಿದ. ಗುಟ್ಟೇನೂ ಇಲ್ಲ, ಡಾಂಬರು ಸುರಿಯುವ ಮುಂಚೆ ತಳವನ್ನು ದೂಳಿಲ್ಲದ ಹಾಗೆ ಗುಡಿಸಬೇಕು, ಡಾಂಬರು ಆರುವ ಮುಂಚೆ ಸುರಿಯಬೇಕು, ಎರಡಕ್ಕೂ ಎಂಜಿನಿಯರು ಅಲ್ಲೇ ನಿಂತಿರಬೇಕು ಎಂದು ಮುದುಕರು ಹೇಳಿದರು. ಅದರ ಮೇಲೆ ಮೂವತ್ತು ವರ್ಷದಿಂದ ಹುರುಳಿ ಒಕ್ಕುತ್ತಿದ್ದಾರೆ ಎಂಬ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ. ಕೆಲಸ ಮುಗಿದ ನಾಲ್ಕನೆಯ ದಿನ ಅವರಿಗೆ ಬೀದರಿಗೆ ವರ್ಗವಾಗಿತ್ತಂತೆ.

“ಇನ್ನೂ ಇದೆಯೇನಪ್ಪಾ ಅದು?” ಎಂದು ಮುದುಕರು ಕೇಳಿದರು. “ನಾನು ಮತ್ತೆ ಆ ಕಡೆ ಹೋಗಲೇ ಇಲ್ಲ.”

ಬಸ್ ಸ್ಟ್ಯಾಂಡಿಗೆ ವಾಪಸು ನಡೆದು ಬರುವಾಗ ಸಿದ್ದರಾಜುವಿಗೆ ಅದುವರೆಗೆ ಇದ್ದ ಹೊಟ್ಟೆಕಿಚ್ಚು ಹೋಗಿ, ಅದರ ಜಾಗದಲ್ಲಿ ಒಂದು ಭಯ ಬಂತು. ಅವ್ವನಿಗೆ ಆಗಲೇ ಅರವತ್ತೈದು. ಒಂದು ವರ್ಷ ಅವಳು ಹೊರೆ ಹೊರುವುದನ್ನು ನಿಲ್ಲಿಸುತ್ತಾಳೆ. ಆಮೇಲೆ ಎಷ್ಟು ಒಳ್ಳೆಯ ರಸ್ತೆ ಹಾಕಿದರೂ ಕೇಳುವವರು ಯಾರು?

ಅರಳಿಕೊಪ್ಪಲಿನ ರಸ್ತೆಯ ಮರುಡಾಂಬರಿಗಾಗಿ ಅವನು ಬರೆದ ಪತ್ರಗಳನ್ನು ಒಂದರ ಪಕ್ಕ ಒಂದು ಹಾಸಿದ್ದರೆ ಅದೇ ಎರಡು ಕಿಲೋಮೀಟರ್ ಆಗುತ್ತಿತ್ತು. ಮೂರು ವರ್ಷದ ಮೇಲೆ, ಎರಡು ಸಾವಿರದ ಮೂರರಲ್ಲಿ, ಮಂಜೂರಾತಿ ಬಂತು. ಈ ಸಲ ಅರ್ಧ ಮನಸ್ಸಿನ ಒಂದು ಕೋಟಲ್ಲ. ತಳ ಬಿಗಿಮಾಡಿ, ಎರಡು ಪದರ ಹಾಕಿ, ಮೇಲೊಂದು ನುಣುಪು ಲೇಪ. ಕಂಟ್ರಾಕ್ಟರ್ ಮಧುಕುಮಾರ್ ಎಂಬ ಹೊಸ ಹುರುಪಿನವನು. ಮೊದಲ ದಿನವೇ ಎಂಜಿನಿಯರ್ ಪೊರಕೆ ಹಿಡಿದು ತಳ ಗುಡಿಸಲು ನಿಂತದ್ದು ನೋಡಿ ಅವನಿಗೆ ಗಾಬರಿಯಾಯಿತು. ರೋಲರ್ ಡ್ರೈವರ್ ಚನ್ನಯ್ಯ, ಈ ಸಾಹೇಬರಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದ. ಇಪ್ಪತ್ತಮೂರು ದಿನ ಸಿದ್ದರಾಜು ಬಿಸಿ ಡಾಂಬರಿನ ಡ್ರಮ್ಮಿನ ಪಕ್ಕದಿಂದ ಕದಲಲಿಲ್ಲ. ಮೈಯೆಲ್ಲ ಡಾಂಬರಿನ ವಾಸನೆ. ಯಶೋಧರಾ ಅವನ ಹಾಸಿಗೆಯನ್ನು ನಡುಮನೆಗೆ ಹಾಕಿದಳು.

ಕೆಲಸ ಮುಗಿದ ಮಧ್ಯಾಹ್ನ ಅವನು ಜೇಬಿನಿಂದ ಒಂದು ಪೊಟ್ಟಣ ತೆಗೆದ. ಅದರಲ್ಲಿ ಅರ್ಧ ಸೇರು ಹುರುಳಿ. ರಸ್ತೆಯ ಮೇಲೆ ಚೆಲ್ಲಿ, ಜೀಪನ್ನು ಆರು ಸಲ ಅದರ ಮೇಲೆ ಓಡಿಸಲು ಹೇಳಿ, ಆಮೇಲೆ ಮೊಣಕಾಲೂರಿ ಒಂದೊಂದೇ ಕಾಳು ಹೆಕ್ಕಿ, ಅಂಗೈಯಲ್ಲಿ ಹರಡಿ, ಮೂಸಿ, ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿದ. ಕಲ್ಲಿಲ್ಲ. ಮಧುಕುಮಾರನೂ ಚನ್ನಯ್ಯನೂ ಮುಖಮುಖ ನೋಡಿಕೊಂಡರು. ಸಾಹೇಬರ ಕಣ್ಣಲ್ಲಿ ನೀರಿತ್ತು. ಡಾಂಬರಿನ ಹೊಗೆ ಇರಬೇಕು ಎಂದು ಚನ್ನಯ್ಯ ಹೇಳಿದ.

ಸಂಜೆ ಮನೆಗೆ ಹೋಗಿ, ರಸ್ತೆ ಆಯಿತು ಎಂದಷ್ಟೇ ಅವ್ವನಿಗೆ ಹೇಳಿದ. ಹಾಕು ಎಂದು ಬಾಯಿಬಿಟ್ಟು ಕೇಳಲಿಲ್ಲ. ಕೇಳಿಸಿಕೊಂಡು ಹಾಕಿದರೆ ಅದು ಪಾಸಾದ ಹಾಗಲ್ಲ. ಮಂಗಳಮ್ಮ ನೋಡಾನ ಎಂದಳು.

ಸಂಕ್ರಾಂತಿ ಕಳೆದ ಮೂರನೆಯ ದಿನ ಮೈಸೂರಿನಿಂದ ದೊಡ್ಡ ಸಾಹೇಬರು ಹೊಸ ರಸ್ತೆಯ ಪರಿಶೀಲನೆಗೆ ಬಂದರು. ಬಿಳಿಯ ಅಂಬಾಸಿಡರ್ ಕಾರು, ಬಿಳಿಯ ಬೂಟು. ಮುಂದಿನ ಸೀಟಿನಲ್ಲಿ ಫೈಲು ಅಪ್ಪಿಕೊಂಡು ಸಿದ್ದರಾಜು. ಅರಳಿಕೊಪ್ಪಲಿನ ತಿರುವಿಗೆ ಇನ್ನು ಅರ್ಧ ಫರ್ಲಾಂಗ್ ಇರುವಾಗ ಪುಟ್ಟಬಸವಯ್ಯನವರ ರಸ್ತೆಯ ಮೇಲೆ ಮೊಣಕಾಲುದ್ದ ಹುರುಳಿ ಹಾಸಿತ್ತು. ಕಾರು ಅದರೊಳಗೆ ನುಗ್ಗಿ, ನಾಲ್ಕು ಮಾರು ಹೋಗಿ, ಕೊಸರಾಡಿ ನಿಂತಿತು. ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು ಸುಟ್ಟ ವಾಸನೆ ಬರುತ್ತಿತ್ತು. ಸಾಹೇಬರು ಇಳಿದರು. ಕುಡುಗೋಲು ಹಿಡಿದು ಓಡಿ ಬಂದ ಹೆಂಗಸು ಮಂಗಳಮ್ಮ.

ಅವಳು ಮಗನನ್ನು ನೋಡಿದಳು. ನೋಡಿ, ನೋಡದವಳ ಹಾಗೆ ಮುಖ ತಿರುಗಿಸಿ, ಕಾರಿನ ಕೆಳಗೆ ಮಲಗಿ ಬಳ್ಳಿ ಕೊಯ್ದು ಎಳೆದಳು. ಎದ್ದು ಸೆರಗು ಕೊಡವಿ, ಸಾಹೇಬರಿಗೆ ಕೈಮುಗಿದು, “ಸಾ, ಒಳಗಡೆ ವಸಿ ಕಾಳು ಸಿಕ್ಕೊಂಡವೆ. ಗಾಡಿನ ಒಂದ್ಸಲ ಕುಲುಕ್ಬುಟ್ಟು ಓಗಿ,” ಎಂದಳು. ಆಮೇಲೆ ಸಿದ್ದರಾಜುವಿನ ಕಡೆ ತಿರುಗಿ, ಅವನಿಗೂ ಕೈಮುಗಿದು, “ನೀವಾದ್ರೂ ಯೋಳಿ, ಸಾ,” ಎಂದಳು.

ಹೆತ್ತವಳು ತನ್ನನ್ನು ಸಾ ಎಂದದ್ದು ಕೇಳಿ ಸಿದ್ದರಾಜುವಿನ ಕೈಯ ಫೈಲು ಜಾರಿತು. ಅವನ ಕೆಲಸಕ್ಕೆ ಕುತ್ತು ಬರಬಾರದೆಂದು ಅವಳು ಅವನನ್ನು ಮಗನಲ್ಲ ಎನ್ನುತ್ತಿದ್ದಾಳೆ. ಯಾರ್ರೀ ಈ ಹೆಂಗಸು ಎಂದು ಸಾಹೇಬರು ಕೇಳಿದರು.

“ನಮ್ಮ ತಾಯಿ, ಸಾರ್.”

ಸಾಹೇಬರು ಒಳ್ಳೆಯವರೇ. ಕೈಮುಗಿದು ನಮಸ್ಕಾರ ಎಂದರು. ಡ್ರೈವರನಿಗೆ ಕಾರನ್ನು ಕುಲುಕಿಸಲೂ ಹೇಳಿದರು. ಒಂದು ಹಿಡಿಯಷ್ಟು ಕಾಳು ಉದುರಿತು. ಆದರೆ ಹೊಸ ರಸ್ತೆ ನೋಡಿ ಹೊಗಳಿ, ವಾಪಸು ಹೋಗುವ ಮುಂಚೆ ಸಿದ್ದರಾಜುವನ್ನು ಪಕ್ಕಕ್ಕೆ ಕರೆದು, ಕಾರಾದ್ದರಿಂದ ನಿಂತಿತು, ಮೋಟಾರ್‌ಬೈಕಿನವನಾಗಿದ್ದರೆ ತಲೆ ಒಡೆದುಕೊಳ್ಳುತ್ತಿದ್ದ, ನಿಮ್ಮ ಹೋಬಳಿಯ ಎಲ್ಲ ರಸ್ತೆಗೂ ಬೋರ್ಡು ಹಾಕಿಸಿ ಎಂದರು. ತಪ್ಪು ಎನ್ನುವಂತಿರಲಿಲ್ಲ. ಒಂದು ವಾರದಲ್ಲಿ ಹನ್ನೊಂದು ಬೋರ್ಡುಗಳು ಎದ್ದವು: ರಸ್ತೆಯ ಮೇಲೆ ಒಕ್ಕಣೆ ಮಾಡುವುದನ್ನು ನಿಷೇಧಿಸಲಾಗಿದೆ, ಮೀರಿದವರ ಮೇಲೆ ಕ್ರಮ ಜರುಗಿಸಲಾಗುವುದು, ಸಹಾಯಕ ಎಂಜಿನಿಯರ್, ನಂಜನಗೂಡು. ಹನ್ನೊಂದನೆಯದು ಅರಳಿಕೊಪ್ಪಲಿನ ಹೊಸ ರಸ್ತೆಯ ಪಕ್ಕ, ಮಂಗಳಮ್ಮನ ಮನೆಗೆ ಎದುರಾಗಿ.

ಹತ್ತು ಬೋರ್ಡುಗಳನ್ನು ಹೋಬಳಿಯ ಜನ ಆದರದಿಂದ ಬರಮಾಡಿಕೊಂಡರು. ಅವುಗಳ ಕಂಬಕ್ಕೆ ಎತ್ತು ಕಟ್ಟಿದರು, ಮೇಲೆ ಟವೆಲ್ಲು ಒಣಹಾಕಿದರು, ಅವುಗಳ ನೆರಳಿನಲ್ಲಿ ಕೂತು ಒಕ್ಕಣೆ ಮಾಡಿದರು. ಇಡೀ ಹೋಬಳಿಯಲ್ಲಿ ಸರ್ಕಾರದ ಆಜ್ಞೆಯನ್ನು ಪಾಲಿಸಿದವಳು ಒಬ್ಬಳೇ. ಕೋಮಲ ಬೋರ್ಡನ್ನು ಓದಿ ಹೇಳಿದಾಗ ಮಂಗಳಮ್ಮ, ಸಹಾಯಕ ಎಂಜಿನಿಯರ್ ಅಂದರೆ ನಮ್ಮ ಸಿದ್ದರಾಜುವೇ ತಾನೆ ಎಂದು ಕೇಳಿ ಖಚಿತಪಡಿಸಿಕೊಂಡಳಂತೆ. ಉಳಿದ ಹೊರೆಗಳನ್ನು ಮನೆಯ ಮುಂದೆ ಮೆದೆ ಹಾಕಿದಳಂತೆ. ದೊಡ್ಡ ರಸ್ತೆಗೂ ಹೋಗಲಿಲ್ಲ, ಮನೆ ಮುಂದಿನದಕ್ಕೂ ಹಾಕಲಿಲ್ಲ.

ಶನಿವಾರ ಕೋಮಲ ಅಂಗಡಿಯಿಂದ ಆಫೀಸಿಗೆ ಫೋನು ಮಾಡಿದಳು. “ಅಣ್ಣ, ಆಕಾಶ ಮೋಡ ಆಯ್ತಾ ಐತೆ. ಅವ್ವ ನಾಳೆ ಚಿಕ್ಕಸ್ವಾಮಿಯವರ ಮನೆ ತಾವ ಓಯ್ತೀನಿ ಅಂತವ್ಳೆ. ಕಣ ಕೇಳಕ್ಕೆ.”

ಸಿದ್ದರಾಜು ಫೋನು ಇಟ್ಟ. ಅವನು ಇಷ್ಟು ವರ್ಷ ಎಂಜಿನಿಯರಾಗಿ ದುಡಿದದ್ದರ ಒಟ್ಟು ಫಲ ಇದು: ಅವ್ವ ಮೂವತ್ತು ವರ್ಷದ ಮೇಲೆ ಮತ್ತೆ ಆ ಜಗುಲಿಯ ಕೆಳಗೆ ಹೋಗಿ ನಿಲ್ಲುತ್ತಾಳೆ, ಅದೂ ಅವನ ಮರ್ಯಾದೆ ಕಾಪಾಡಲು.

ಭಾನುವಾರ ಬೆಳಿಗ್ಗೆ ಜೀಪಿಲ್ಲ, ಡ್ರೈವರನಿಲ್ಲ. ಹಳೆಯ ಸ್ಕೂಟರಿನಲ್ಲಿ ಅವನು ಊರಿಗೆ ಹೋದ. ಮಂಗಳಮ್ಮ ಒಗೆದ ಸೀರೆ ಉಟ್ಟು ಹೊರಡಲು ಸಿದ್ಧಳಾಗಿದ್ದಳು. ಅವನು ಒಂದು ಮಾತೂ ಆಡದೆ ಪ್ಯಾಂಟು ಬಿಚ್ಚಿ ಕೋಮಲಳ ಗಂಡನ ಲುಂಗಿ ಸುತ್ತಿಕೊಂಡು, ಮೆದೆಯಿಂದ ಒಂದು ಹೊರೆ ಎಳೆದು ತಲೆಗೇರಿಸಿದ. ಒಣಗಿದ ಸೊಪ್ಪು ಕತ್ತಿನೊಳಗೆಲ್ಲ ಉದುರಿತು. ರಸ್ತೆಗೆ ಹೋಗಿ, ಸರಿಯಾಗಿ ತನ್ನ ಬೋರ್ಡಿನ ಬುಡದಲ್ಲಿ ಕೆಡವಿದ. ಮಂಗಳಮ್ಮ ಹಿಂದೆಯೇ ಬಂದಳು.

“ಯೇನ್ಲಾ ಇದು? ಆಕ್ಬ್ಯಾಡಿ ಅಂತ ನೀನೇ ಬರ್ಸಿದ್ದೀಯಲ್ಲ.”

“ಬರ್ಸಿದ್ದೀನಿ.”

“ಕೆಲ್ಸ ತೆಗುದ್ರೆ?”

“ಕೆಲ್ಸ ತೆಗಿಯಲ್ಲ ಅವ್ವ. ವರ್ಗ ಮಾಡ್ತಾರೆ ಅಷ್ಟೆ. ಬೀದರಿಗೋ ಎಲ್ಲಿಗೋ.”

“ನಾನು ಕಣ ಕೇಳ್ಕೊಂಡು ಬತ್ತೀನಿ ಬುಡು. ಅವ್ರೇನು ಇಲ್ಲ ಅನ್ನಾಕಿಲ್ಲ.”

“ಇಲ್ಲ ಅನ್ನಲ್ಲ. ಆಮೇಲೆ ಅಂತಾರೆ.” ಅವನು ಹೊರೆಯ ಹಗ್ಗ ಬಿಚ್ಚುತ್ತಲೇ ಹೇಳಿದ. ಸ್ವಲ್ಪ ತಡೆದು, ತಲೆ ಎತ್ತದೆ, “ಅವರ ಮನೆ ತಾವ ಓಗ್ಬ್ಯಾಡ ಅವ್ವ. ಬ್ಯಾರೆ ಏನೂ ಕೇಳಲ್ಲ ನಾನು,” ಎಂದ.

ಮಂಗಳಮ್ಮ ಅಂಚಿಗೆ ಸರಿದು ನಿಂತಳು. ಅವನು ಹರಡುವುದನ್ನು ನೋಡಿದಳು. ಹರಡುವುದು ಅವನಿಗೆ ಬರುತ್ತಿರಲಿಲ್ಲ. ಒಂದು ಕಡೆ ಗುಡ್ಡೆ, ಒಂದು ಕಡೆ ಬಯಲು. ಕೊನೆಗೆ ತಡೆಯಲಾರದೆ ಸೀರೆ ಎತ್ತಿ ಕಟ್ಟಿ, ಅವನನ್ನು ಪಕ್ಕಕ್ಕೆ ಸರಿಸಿ, ತಾನೇ ಹರಡಿದಳು. ಬರಿಗಾಲಲ್ಲಿ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ನಾಲ್ಕು ಸಲ ಓಡಾಡಿದಳು. ಪಾದಕ್ಕೆ ಚುಚ್ಚುತ್ತದೆ ಎನ್ನಲಿಲ್ಲ. ಸಿದ್ದರಾಜು ಅದನ್ನು ಕೇಳಿಸಿಕೊಳ್ಳಲು ಕಾದ; ಅವಳು ಎನ್ನಲಿಲ್ಲ.

ಇಬ್ಬರೂ ಅಂಚಿನಲ್ಲಿ ಕೂತು ಗಾಡಿಗಾಗಿ ಕಾದರು. ಹತ್ತು ಗಂಟೆಯಾಯಿತು. ಹತ್ತೂವರೆಯಾಯಿತು. ಒಂದು ನಾಯಿ ಬಂದು ಹುರುಳಿಯ ಮೇಲೆ ಮಲಗಿತು. ತಾಲ್ಲೂಕಿಗೇ ಒಳ್ಳೆಯ ರಸ್ತೆ, ಗಾಜಿನ ಹಾಗೆ ನುಣ್ಣಗೆ ಬಿದ್ದಿತ್ತು, ಅದರ ಮೇಲೆ ಬರುವುದು ಮಾತ್ರ ದಿನಕ್ಕೆ ಎರಡು ಬಸ್ಸು. ಬೆಳಗಿನದು ಏಳಕ್ಕೇ ಹೋಗಿತ್ತು, ಇನ್ನೊಂದು ಸಂಜೆ ಐದಕ್ಕೆ. ಹತ್ತು ವರ್ಷ ಜಲ್ಲಿ, ಡಾಂಬರು, ದೂಳು, ಬಿಸಿ ಎಂದೆಲ್ಲ ತಲೆ ಕೆಡಿಸಿಕೊಂಡ ಎಂಜಿನಿಯರನಿಗೆ, ಒಕ್ಕಣೆಗೆ ರಸ್ತೆಯಷ್ಟೇ ಅಲ್ಲ, ಗಾಲಿಯೂ ಬೇಕೆಂಬುದು ಹೊಳೆದೇ ಇರಲಿಲ್ಲ. ಅವ್ವನಿಗೆ ಮೊದಲಿನಿಂದಲೂ ಗೊತ್ತಿತ್ತು. ಹೇಳಿದ್ದರೆ ಮಗ ನೊಂದುಕೊಳ್ಳುತ್ತಾನೆಂದು, ತಪ್ಪನ್ನೆಲ್ಲ ಕಲ್ಲಿನ ಮೇಲೆ ಹೊರಿಸಿ ಸುಮ್ಮನಿದ್ದಳು. ಈಗಲೂ ಅವಳು ಅದನ್ನು ಹೇಳಲಿಲ್ಲ. ದೊಡ್ಡ ರಸ್ತೆಯ ಕಡೆಗೆ ಒಂದು ಸಲ ನೋಡಿದಳು, ಅಷ್ಟೆ.

ಸಿದ್ದರಾಜು ಎದ್ದು ಹೋಗಿ ಸ್ಕೂಟರನ್ನು ಬಲಕ್ಕೆ ವಾಲಿಸಿ ಒದ್ದ. ಮೂರನೆಯ ಒದೆತಕ್ಕೆ ಅದು ಕೆಮ್ಮಿ ಎದ್ದಿತು. ನಾಯಿ ಓಡಿತು. ಲುಂಗಿ ಎತ್ತಿ ಕಟ್ಟಿ, ಮೊದಲ ಗೇರಿನಲ್ಲಿ, ಸಹಾಯಕ ಎಂಜಿನಿಯರ್, ನಂಜನಗೂಡು, ತಾಯಿಯ ಹುರುಳಿಯ ಮೇಲೆ ದಂಡಯಾತ್ರೆ ಹೊರಟ. ಕಾಯಿಗಳು ಪಟಪಟ ಸಿಡಿದವು. ಆ ತುದಿಗೆ ಹೋಗಿ ತಿರುಗಿದ, ಈ ತುದಿಗೆ ಬಂದು ತಿರುಗಿದ. ಎರಡು ಸಲ ಜಾರಿ ಬಿದ್ದ. ಊರು ಒಂದೊಂದೇ ಬಾಗಿಲಿನಿಂದ ಹೊರಬಂದು ನಿಂತಿತು. ಚಿಕ್ಕಸ್ವಾಮಿಯವರೂ ತಮ್ಮ ಜಗುಲಿಯಿಂದ ಇಳಿದು ಬಂದು ನಿಂತರು. ಇಪ್ಪತ್ತು ಸುತ್ತು, ಮೂವತ್ತು ಸುತ್ತು. ಸಿದ್ದರಾಜುವಿನ ಕಣ್ಣು ರಸ್ತೆಯ ಮೇಲಿರಲಿಲ್ಲ, ಸ್ಕೂಟರಿನ ಕನ್ನಡಿಯಲ್ಲಿತ್ತು. ಅಲ್ಲಿ ಅವ್ವ ಚಿಕ್ಕದಾಗಿ ಕಾಣುತ್ತಿದ್ದಳು.

ನಲವತ್ತನೆಯ ಸುತ್ತೋ ಏನೋ, ಅವಳು ಬಾಗಿ ಸೊಪ್ಪನ್ನು ಬದಿಗೆ ಸರಿಸಿ, ಒಂದು ಬೊಗಸೆ ಕಾಳನ್ನು ಮೊರಕ್ಕೆ ಹಾಕಿಕೊಂಡಳು. ಕೇರಿದಳು. ಹೊಟ್ಟು ಹಾರಿತು. ಮೊರವನ್ನು ಬಿಸಿಲಿಗೆ ವಾಲಿಸಿ, ಬೆರಳಿನಿಂದ ಕಾಳನ್ನು ಎಡಕ್ಕೆ ಬಲಕ್ಕೆ ಆಡಿಸಿ, ಬಹಳ ಹೊತ್ತು ನೋಡಿದಳು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಸಿದ್ದರಾಜು ಎಂಜಿನ್ ಆರಿಸದೆ ಅವಳ ಮುಂದೆ ಸ್ಕೂಟರ್ ನಿಲ್ಲಿಸಿ, ಕಾಲೂರಿ, ಮಗ್ಗಿ ಒಪ್ಪಿಸಿ ನಿಂತ ಹುಡುಗನ ಹಾಗೆ ನಿಂತ.

ಅವಳು ಅವನ ಮುಖ ನೋಡಲಿಲ್ಲ. ರಸ್ತೆಯ ಆ ಬದಿಗೆ ಕೈ ತೋರಿಸಿದಳು.

“ಅಂಚು ಬುಟ್ಬುಟ್ಟಿದ್ದೀಯ ನೋಡು,” ಎಂದಳು. “ಕ್ವಾಮಲಾ, ಇನ್ನೆರಡು ಹೊರೆ ತಕ್ಕಂಬಾರವ್ವ.”

ಸಿದ್ದರಾಜು ಒಂದು ಗಳಿಗೆ ಹಾಗೇ ನಿಂತಿದ್ದ, ಇನ್ನೇನಾದರೂ ಹೇಳುತ್ತಾಳೇನೋ ಎಂದು. ಅವಳು ಆಗಲೇ ಬೆನ್ನು ತಿರುಗಿಸಿ ಹೊಸ ಹೊರೆಗೆ ಜಾಗ ಗುಡಿಸುತ್ತಿದ್ದಳು. ಅವನು ಗೇರು ಹಾಕಿ ಅಂಚಿನ ಕಡೆಗೆ ಹೊರಟ.